ಎಲೆ ಸುಟ್ಟಿದೆಯೇ? ಗಾಳಿಯನ್ನೂ ಒಮ್ಮೆ ಅನುಮಾನಿಸಿ

ಬೆಳೆಯ ಎಲೆಯ ಮೇಲೆ ಚುಕ್ಕೆ ಕಂಡೊಡನೆ ನಮಗೆ ಮೊದಲು ನೆನಪಾಗುವುದು ಶಿಲೀಂಧ್ರ. ಆಮೇಲೆ ಕೀಟ. ಅದೂ ಅಲ್ಲವೆಂದಾದರೆ ಗೊಬ್ಬರದ ಕೊರತೆ. ಗಾಳಿಯನ್ನು ನೆನೆಯುವವರು ತೀರ ಕಡಿಮೆ. ಈ ವಿಷಯದಲ್ಲಿ ರೈತರ ತಪ್ಪಿಗಿಂತ ನಮ್ಮಂಥವರ ತಪ್ಪೇ ಹೆಚ್ಚು. ಆದುದರಿಂದ ನನ್ನದೇ ಒಂದು ತಪ್ಪಿನಿಂದ ಈ ಲೇಖನವನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಸೌತೆ ಬಳ್ಳಿಯ ಎಲೆಗಳನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಎಲೆಯ ನರಗಳು ಹಸಿರಾಗಿಯೇ ಇದ್ದವು. ನರಗಳ ನಡುವಿನ ಭಾಗ ಮಾತ್ರ ಒಣಗಿ, ಬೆಳ್ಳಗೆ ಕಾಗದದಂತೆ ಆಗಿತ್ತು. ಸೌತೆಯಲ್ಲಿ ನರಗಳ ನಡುವೆ ಮೂಲೆ ಮೂಲೆಯಾಗಿ ಚುಕ್ಕೆ ಬಂದರೆ ಅದು ಬೂಜು ತುಪ್ಪಟ ರೋಗ ಎಂದು ನಾವು ಪಾಠ ಹೇಳುತ್ತೇವೆ. ನಾನೂ ಹಾಗೆಯೇ ಹೇಳಿ ಮ್ಯಾಂಕೋಜೆಬ್ ಸಿಂಪರಣೆಗೆ ಬರೆದುಕೊಟ್ಟೆ. ಎಲೆಯ ಕೆಳಭಾಗದಲ್ಲಿ ಬೂದು ಬಣ್ಣದ ಬೂಜು ಇರಲಿಲ್ಲ. ಒಣಗಿದ ಎಲೆಯಲ್ಲಿ ಅದು ಉದುರಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ವಾರಗಳ ಬಳಿಕ ಅವರು ಮತ್ತೆ ಬಂದರು. "ಎರಡು ಸಲ ಹೊಡೆದೆ ಸಾರ್. ಹೊಡೆದ ಸಾಲೂ ಒಂದೇ, ಬಿಟ್ಟ ಸಾಲೂ ಒಂದೇ. ಆದರೆ ಒಂದು ವಿಚಿತ್ರ ನೋಡಿ, ಬಂದಿದ್ದು ಒಂದೇ ದಿನ. ಆಮೇಲೆ ಒಂದು ಎಲೆಗೂ ಹತ್ತಲಿಲ್ಲ" ಎಂದರು. ಈ ಮಾತು ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಹರಡದ ರೋಗ ಎಂತಹ ರೋಗ? ಮರುದಿನವೇ ಅವರ ಹೊಲಕ್ಕೆ ಹೋದೆ.

ಅಲ್ಲಿ ಎಲ್ಲವೂ ಕಣ್ಣೆದುರಿಗೇ ಇತ್ತು. ಸೌತೆಯ ಪಕ್ಕದ ಕುದುರೆಮೆಂತ್ಯದ ಮಡಿಯಲ್ಲಿಯೂ ಎಲೆಗಳು ಬಿಳಿಚಿಕೊಂಡಿದ್ದವು. ಬದುವಿನ ಮೇಲಿನ ಅಗಲ ಎಲೆಯ ಕಳೆಗಳಲ್ಲಿಯೂ ಅದೇ ಗುರುತು. ಆದರೆ ಅಲ್ಲೇ ನಿಂತಿದ್ದ ಮುಸುಕಿನ ಜೋಳಕ್ಕೆ ಏನೂ ಆಗಿರಲಿಲ್ಲ. ಹಾನಿಯಾದ ಜಾಗ ಹೊಲದ ಪಶ್ಚಿಮದ ಮೂಲೆಯಲ್ಲಿ ಕಿರಿದಾಗಿ ಆರಂಭವಾಗಿ ಮುಂದಕ್ಕೆ ಮೊರದಂತೆ ಅಗಲವಾಗಿತ್ತು. ಆ ಮೂಲೆಯ ಆಚೆಗೆ ಇಟ್ಟಿಗೆಗೂಡು. ಕಲ್ಲಿದ್ದಲ ಪುಡಿ ಹಾಕಿ ಸುಡುತ್ತಿದ್ದರು. ಇಬ್ಬನಿ ಬಿದ್ದು ಗಾಳಿ ಅಲುಗಾಡದ ಒಂದು ಮುಂಜಾನೆ ಹೊಗೆ ಮೇಲೇಳದೆ ಹೊಲದ ಮೇಲೆಯೇ ಹಾಸಿಕೊಂಡಿದ್ದನ್ನು ಅವರ ಮನೆಯಾಕೆ ನೋಡಿದ್ದರು. ನಾನು ಕೇಳಿರಲಿಲ್ಲ, ಆದುದರಿಂದ ಅವರು ಹೇಳಿರಲಿಲ್ಲ.

ಈ ಹೊಗೆಗೆ ಎಲೆಯೊಳಗೆ ಏನಾಗುತ್ತದೆ ಎಂಬುದು ತಿಳಿದರೆ ಇಂತಹ ತಪ್ಪು ಕಡಿಮೆಯಾಗುತ್ತದೆ, ಔಷಧಿಯ ಹಣವೂ ಉಳಿಯುತ್ತದೆ.

ಎಲೆಯ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಸಾಮಾನ್ಯವಾಗಿ 100ರಿಂದ 300 ಪತ್ರರಂಧ್ರಗಳಿರುತ್ತವೆ. ಇಂಗಾಲದ ಡೈ ಆಕ್ಸೈಡ್ ಒಳಬರುವ ಬಾಗಿಲು ಇದೇ. ಬಿಸಿಲು ಬಂದೊಡನೆ ಬಾಗಿಲು ತೆರೆಯುತ್ತದೆ. ಗಾಳಿಯಲ್ಲಿ ವಿಷವಿದ್ದರೆ ಅದೂ ಜೊತೆಯಲ್ಲಿಯೇ ಬರುತ್ತದೆ. ಬೇಡವೆಂದು ಬಾಗಿಲು ಮುಚ್ಚಿದರೆ ಗಿಡಕ್ಕೆ ಆ ಹೊತ್ತಿನ ಊಟ ತಪ್ಪುತ್ತದೆ. ಮಾಲಿನ್ಯದ ಗಾಳಿಯಲ್ಲಿ ಗಿಡದ ಕಷ್ಟವೆಲ್ಲ ಇದೇ.

ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದಾಗ ಗಂಧಕದ ಡೈ ಆಕ್ಸೈಡ್ ಹುಟ್ಟುತ್ತದೆ. ಇದು ನೀರಿನಲ್ಲಿ ಬಹು ಬೇಗ ಕರಗುವ ಅನಿಲ. ಎಲೆಯೊಳಗಿನ ಕೋಶಗಳ ಗೋಡೆ ಸದಾ ತೇವವಾಗಿರುವುದರಿಂದ ಅಲ್ಲಿ ಕರಗಿ ಸಲ್ಫೈಟ್ ಆಗುತ್ತದೆ, ಜೊತೆಗೆ ಹುಳಿ, ಅಂದರೆ ಆಮ್ಲತೆ ಹೆಚ್ಚುತ್ತದೆ. ಸೊಪ್ಪು ಬೇಯುವಾಗ ಹುಣಸೆಹುಳಿ ಹಾಕಿದರೆ ಹಸಿರು ಕಂದಿ ಮಾಸಲು ಬಣ್ಣಕ್ಕೆ ತಿರುಗುವುದನ್ನು ಮನೆಯಲ್ಲಿ ನೋಡಿರುತ್ತೀರಿ. ಪತ್ರಹರಿತ್ತಿನ ನಡುವೆ ಕುಳಿತಿರುವ ಮೆಗ್ನೀಸಿಯಂ ಕಣವನ್ನು ಆಮ್ಲವು ಹೊರದಬ್ಬುವುದೇ ಇದಕ್ಕೆ ಕಾರಣ. ಹೊಗೆ ಹೊಡೆದ ಎಲೆಯಲ್ಲಿಯೂ ಇದು ಒಂದು ಪಾಲು ನಡೆಯುತ್ತದೆ. ಉಳಿದ ಪಾಲು ಪತ್ರಹರಿತ್ತು ಬೆಳಕಿನಲ್ಲಿ ಚೆಲುವೆಯಾಗಿ ಬಿಳುಪಾಗುವುದು.

ಎಲೆಯೂ ಸುಮ್ಮನೆ ಕೂರುವುದಿಲ್ಲ. ಸಲ್ಫೈಟನ್ನು ಸಲ್ಫೇಟಾಗಿ ಬದಲಾಯಿಸುತ್ತದೆ. ಸಲ್ಫೇಟಿನ ವಿಷ ಸಲ್ಫೈಟಿನದಕ್ಕಿಂತ ಸುಮಾರು 30 ಪಟ್ಟು ಕಡಿಮೆ. ಹೀಗೆ ಪಳಗಿಸಿದ್ದನ್ನು ಕೋಶದ ನಡುವಿನ ರಸದ ಚೀಲದಲ್ಲಿ ತುಂಬಿಡುತ್ತದೆ. ಈ ಕೆಲಸ ಮಾಡುವ ಒಂದು ಕಿಣ್ವ ಪ್ರಾಣಿಗಳಲ್ಲಿರುವುದು ಮೊದಲೇ ತಿಳಿದಿತ್ತು. ಗಿಡಗಳಲ್ಲಿಯೂ ಇದೆಯೆಂದು ಖಚಿತವಾದದ್ದು 2001ರಲ್ಲಿ. ಈ ಕಿಣ್ವ ಕೆಲಸ ಮಾಡಲು ಮಾಲಿಬ್ಡಿನಂ ಬೇಕು. ಬೇಳೆಕಾಳು ಬೆಳೆಗಳ ಗಂಟುಗಳಲ್ಲಿ ಸಾರಜನಕ ಕೂಡಿಸಲು ಬೇಕಾದ ಲಘು ಪೋಷಕಾಂಶವೂ ಇದೇ.

ಆದರೆ ಈ ಪಳಗಿಸುವ ಕೆಲಸವೇ ಕೆಲವೊಮ್ಮೆ ತಿರುಗಿ ಬೀಳುತ್ತದೆ. ಬೆಳಕಿನಲ್ಲಿ, ಹಸಿರು ಕಣಗಳೊಳಗೆ ಸಲ್ಫೈಟ್ ಬದಲಾಗುವಾಗ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಇವು ಕೋಶದ ಪೊರೆಗಳಲ್ಲಿರುವ ಕೊಬ್ಬನ್ನು ಕೊಳೆಯಿಸುತ್ತವೆ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆಯ ಕ್ರಿಯೆಯಿಂದಲೇ. ಪೊರೆ ಒಡೆದರೆ ಕೋಶದ ನೀರು ಸೋರಿ, ಎಲೆ ಮೊದಲು ಬಿಸಿನೀರು ಬಿದ್ದಂತೆ ಬಾಡಿ, ಒಂದೆರಡು ದಿನಗಳಲ್ಲಿ ಬಿಳಿಚಿ ಒಣಗುತ್ತದೆ. ಅನಿಲ ಸ್ವಲ್ಪ ಸ್ವಲ್ಪವಾಗಿ ಬಂದರೆ ಗಿಡ ಪಳಗಿಸಿಕೊಳ್ಳುತ್ತದೆ. ಒಮ್ಮೆಲೆ ಬಂದರೆ ಸೋಲುತ್ತದೆ.

ಸೌತೆಯಲ್ಲಿ ನಾನು ಗಮನಿಸಬೇಕಾಗಿದ್ದ ಇನ್ನೊಂದು ಸಂಗತಿಯಿತ್ತು. ಬಳ್ಳಿಯ ಕುಡಿಯ ಎಳೆ ಎಲೆಗಳು ಹಸಿರಾಗಿದ್ದವು, ಬಲಿತ ಎಲೆಗಳು ಮಾತ್ರ ಸುಟ್ಟಿದ್ದವು. ಎಳೆಯದು ಮೆತ್ತಗಿರುತ್ತದೆ, ಅದೇ ಮೊದಲು ಸಾಯಬೇಕಲ್ಲವೇ? ಸೌತೆಯ ಜಾತಿಯ ಗಿಡಗಳ ಮೇಲೆ 1978 ಮತ್ತು 1982ರ ನಡುವೆ ಅಮೆರಿಕದಲ್ಲಿ ನಡೆದ ಸಂಶೋಧನೆಗಳು ಇದಕ್ಕೆ ಉತ್ತರ ಕೊಟ್ಟಿವೆ. ಎಳೆ ಎಲೆಗಳು ಒಳಬಂದ ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಬದಲಿಸಿ ಮತ್ತೆ ಗಾಳಿಗೇ ಉಗುಳುತ್ತವೆ. ಬಲಿತ ಎಲೆಗಳಿಗಿಂತ ಈ ಶಕ್ತಿ ಅವುಗಳಿಗೆ ಹಲವು ಪಟ್ಟು ಹೆಚ್ಚು. ಕೊಳೆತ ಮೊಟ್ಟೆಯ ವಾಸನೆಯ ಅನಿಲವೆಂದು ನಾವು ಮೂಗು ಮುಚ್ಚುವುದು ಇದಕ್ಕೇ.

ಹೊಗೆಯಿಂದ ಬೆಳೆ ಹೋದಾಗ ಅದನ್ನು ರುಜುವಾತು ಮಾಡುವುದು ಹೇಗೆಂಬ ಪ್ರಶ್ನೆ ಹೊಸದಲ್ಲ. ಕೆನಡಾದ ಟ್ರೇಲ್ ಎಂಬಲ್ಲಿ 1896ರಲ್ಲಿ ಆರಂಭವಾದ ಅದಿರು ಕರಗಿಸುವ ಕಾರ್ಖಾನೆಯ ಹೊಗೆ ಕೊಲಂಬಿಯಾ ನದಿಯ ಕಣಿವೆಯಲ್ಲಿ ಇಳಿದು, ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಹೊಲಗಳನ್ನು ಮುಟ್ಟುತ್ತಿತ್ತು. 1920ರ ದಶಕದಲ್ಲಿ ಹಾನಿ ಹೆಚ್ಚಿ, ವ್ಯಾಜ್ಯ ಎರಡು ದೇಶಗಳ ನಡುವಿನ ವ್ಯಾಜ್ಯವಾಯಿತು. 1931ರವರೆಗಿನ ಹಾನಿಗೆ 3,50,000 ಡಾಲರ್, ನಂತರದ ವರ್ಷಗಳಿಗೆ 1938ರಲ್ಲಿ ಇನ್ನೂ 78,000 ಡಾಲರ್ ಪರಿಹಾರ ಗೊತ್ತಾಯಿತು. ಅಂತಿಮ ತೀರ್ಪು ಬಂದದ್ದು 1941ರಲ್ಲಿ. ಆ ವ್ಯಾಜ್ಯದ ಸಲುವಾಗಿಯೇ ಕುದುರೆಮೆಂತ್ಯ, ಬಾರ್ಲಿ ಮುಂತಾದ ಬೆಳೆಗಳಿಗೆ ಲೆಕ್ಕ ಹಾಕಿ ಅನಿಲ ಬಿಟ್ಟು ನೋಡಿದ ಪ್ರಯೋಗಗಳು ನಡೆದವು. ಇಂದು ನಮಗೆ ತಿಳಿದಿರುವುದರ ತಳಹದಿ ಅದು. ಕಾರ್ಖಾನೆಯವರು ಕೊನೆಗೆ ಆ ಗಂಧಕವನ್ನು ಹಿಡಿದು ಅಮೋನಿಯಂ ಸಲ್ಫೇಟ್ ಗೊಬ್ಬರ ಮಾಡಿ ಮಾರತೊಡಗಿದರು. ಚಿಮಣಿಯಲ್ಲಿದ್ದಾಗ ವಿಷ, ಚೀಲದಲ್ಲಿದ್ದಾಗ ಗೊಬ್ಬರ!

ಆ ವ್ಯಾಜ್ಯದ ಕಾಲದಲ್ಲಿ ಬಹಳ ಚರ್ಚೆಯಾದ ಪ್ರಶ್ನೆಯೆಂದರೆ, ಎಲೆಯ ಮೇಲೆ ಗುರುತೇ ಕಾಣದೆ ಇಳುವರಿ ಕುಗ್ಗಬಹುದೇ ಎಂಬುದು. ಕಾಣದ್ದಕ್ಕೆ ಪರಿಹಾರ ಕೊಡುವವರು ಯಾರು? 1973ರಲ್ಲಿ ಇಂಗ್ಲೆಂಡಿನಲ್ಲಿ ರೈ ಹುಲ್ಲಿಗೆ 26 ವಾರಗಳ ಕಾಲ ಕಡಿಮೆ ಪ್ರಮಾಣದ ಗಂಧಕದ ಡೈ ಆಕ್ಸೈಡ್ ಕೊಟ್ಟು ಬೆಳೆಸಿದಾಗ ಇಳುವರಿ ಸುಮಾರು ಅರ್ಧಕ್ಕೆ ಇಳಿಯಿತು. ವಿಷ ಪಳಗಿಸುವುದಕ್ಕೂ, ಒಡೆದ ಪೊರೆ ದುರಸ್ತಿ ಮಾಡುವುದಕ್ಕೂ ಗಿಡ ಸಕ್ಕರೆಯನ್ನೇ ಖರ್ಚು ಮಾಡಬೇಕು. ಆ ಖರ್ಚು ಕಾಳಿನ ಲೆಕ್ಕದಿಂದ ಕಳೆಯುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 1970ರಿಂದೀಚೆಗೆ ಗಂಧಕದ ಡೈ ಆಕ್ಸೈಡಿನ ಹೊರಸೂಸುವಿಕೆ ಶೇ. 90ಕ್ಕೂ ಹೆಚ್ಚು ಇಳಿದಿದೆ. ಗಾಳಿ ಶುದ್ಧವಾದ ಮೇಲೆ ಅಲ್ಲಿನ ಎಣ್ಣೆಸಾಸಿವೆ, ಗೋಧಿ ಬೆಳೆಗಳಲ್ಲಿ ಗಂಧಕದ ಕೊರತೆ ಕಾಣಿಸಿತು. ಅದುವರೆಗೆ ಹೊಗೆಯೇ ಪುಕ್ಕಟೆಯಾಗಿ ಗಂಧಕ ಹಾಕುತ್ತಿತ್ತು. ಈಗ ರೈತರು ಕೊಂಡು ಹಾಕುತ್ತಾರೆ. ಪಟ್ಟಣಗಳ ಗುಲಾಬಿಗಳಿಗೆ ಕಪ್ಪುಚುಕ್ಕೆ ರೋಗವೂ ಮರಳಿ ಬಂತು. ಹೊಗೆಯ ಗಂಧಕ ಆ ಶಿಲೀಂಧ್ರವನ್ನು ಹತ್ತಿಕ್ಕಿತ್ತು. ನಾವು ಕಡಲೆಕಾಯಿಗೆ ಜಿಪ್ಸಂ ಹಾಕಿ, ದ್ರಾಕ್ಷಿಗೆ ಗಂಧಕದ ಪುಡಿ ಬಳಸುವವರು. ಹೀಗಾಗಿ ಈ ಮಾತು ನಮಗೆ ಒಗಟಾಗಿ ಕಾಣಬೇಕಿಲ್ಲ. ಹಾಗೆಂದು ಗೂಡಿನ ಹೊಗೆ ಗೊಬ್ಬರವೆಂದು ಯಾರಾದರೂ ವಾದಿಸಿದರೆ ಒಪ್ಪಬೇಡಿ. ಗೊಬ್ಬರವನ್ನು ಅಳತೆ ಮಾಡಿ ಹಾಕುತ್ತೇವೆ, ಹೊಗೆಗೆ ಅಳತೆಯಿಲ್ಲ.

ಇನ್ನು ಓಜೋನ್. ಮೇಲಿನ ಆಕಾಶದ ಓಜೋನ್ ನಮ್ಮನ್ನು ಕಾಯುತ್ತದೆ. ನೆಲದ ಮಟ್ಟದ ಓಜೋನ್ ಎಲೆಯನ್ನು ಸುಡುತ್ತದೆ. ಇದು ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡ್‌ಗಳೂ ಇಂಧನದ ಆವಿಗಳೂ ಬಿಸಿಲಿನಲ್ಲಿ ಕೂಡಿ ಇದು ಹುಟ್ಟುತ್ತದೆ. ಗಾಳಿಯಲ್ಲಿ ಸಾಗುತ್ತ ಹೆಚ್ಚುವುದರಿಂದ ಪಟ್ಟಣದ ನಡುವಿಗಿಂತ ಅದರ ಗಾಳಿ ಬೀಸುವ ಕಡೆಯ ಹಳ್ಳಿಗಳಲ್ಲಿಯೇ ಹೆಚ್ಚಿರಬಹುದು. ಹೊಗೆ ಕಾಣದ ಊರಿನ ರೈತರೂ ನಿಶ್ಚಿಂತರಾಗಿರುವಂತಿಲ್ಲ.

ಅಮೆರಿಕದ ತಂಬಾಕು ಬೆಳೆಗಾರರು ಎಲೆಯ ಮೇಲೆ ಬರುವ ಸಣ್ಣ ಬಿಳಿ ಚುಕ್ಕೆಗಳಿಗೆ ಹವೆಯ ಚುಕ್ಕೆ ಎಂದು ಹೆಸರಿಟ್ಟಿದ್ದರು. ಅದಕ್ಕೆ ಓಜೋನ್ ಕಾರಣವೆಂದು ಹೆಗ್‌ಸ್ಟಾಡ್ ಮತ್ತು ಮಿಡಲ್‌ಟನ್ ಎಂಬ ವಿಜ್ಞಾನಿಗಳು ತೋರಿಸಿದ್ದು 1959ರಲ್ಲಿ. ಓಜೋನಿಗೆ ಬಹು ಬೇಗ ನೋಯುವ ಬೆಲ್-ಡಬ್ಲ್ಯು3 ಎಂಬ ತಂಬಾಕು ತಳಿಯನ್ನು ಗಾಳಿ ಪರೀಕ್ಷಿಸುವ ಸಲಕರಣೆಯಂತೆಯೇ ಹಲವು ದೇಶಗಳಲ್ಲಿ ನೆಟ್ಟು ನೋಡಿದ್ದಾರೆ.

ಎಲೆಯೊಳಗೆ ಬಂದ ಓಜೋನ್ ಹೆಚ್ಚು ದೂರ ಹೋಗುವುದಿಲ್ಲ. ಕೋಶದ ಗೋಡೆಯ ತೇವದಲ್ಲಿಯೇ ಸಿಕ್ಕಿದ್ದರ ಮೇಲೆ ಬಿದ್ದು ತಾನೂ ಮುಗಿಯುತ್ತದೆ. ಅಲ್ಲಿ ಕಾವಲಿಗೆ ನಿಂತಿರುವುದು ಜೀವಸತ್ವ 'ಸಿ'. ಅದು ತಾನು ಸುಟ್ಟುಹೋಗಿ ಕೋಶದ ಪೊರೆಯನ್ನು ಉಳಿಸುತ್ತದೆ. ಸುಟ್ಟ ಜೀವಸತ್ವವನ್ನು ಮತ್ತೆ ಸರಿಪಡಿಸಿ ಕಾವಲಿಗೆ ಕಳಿಸುವ ಕಿಣ್ವಗಳ ಒಂದು ಚಕ್ರವೇ ಕೋಶದೊಳಗಿದೆ. ಅದಕ್ಕೆ ಗಂಧಕವಿರುವ ಗ್ಲುಟಾಥಯೋನ್ ಎಂಬ ವಸ್ತು ನೆರವಾಗುತ್ತದೆ. ಸಾಸಿವೆಯ ಜಾತಿಯ ಒಂದು ಸಣ್ಣ ಗಿಡದಲ್ಲಿ ಜೀವಸತ್ವ 'ಸಿ' ಸಾಮಾನ್ಯದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಇರುವ ಬಗೆಯೊಂದನ್ನು ಗುರುತಿಸಿ, ಅದು ಓಜೋನಿಗೆ ಬೇಗ ಸುಡುತ್ತದೆಂಬುದನ್ನು 1996ರಲ್ಲಿ ಪ್ರಕಟಿಸಿದರು.

ಕಾವಲು ಮುರಿದಾಗ ನಡೆಯುವುದು ನನಗೆ ಇಂದಿಗೂ ಆಶ್ಚರ್ಯ ತರುವ ಸಂಗತಿ. ಪೊರೆಯ ಬಳಿ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡನ್ನು ಕಂಡು ಗಿಡ, ತನಗೆ ರೋಗಾಣು ತಗುಲಿತೆಂದು ಭ್ರಮಿಸುತ್ತದೆ. ರೋಗ ಬಂದಾಗ ಹೊರಡಿಸುವ ಸ್ಯಾಲಿಸಿಲಿಕ್ ಆಮ್ಲ, ಎಥಿಲೀನ್ ಮುಂತಾದ ಸಂದೇಶಗಳನ್ನೇ ಹೊರಡಿಸುತ್ತದೆ. ರೋಗಾಣುವನ್ನು ಅಲ್ಲಿಯೇ ಕಟ್ಟಿಹಾಕಲು ಸುತ್ತಲಿನ ಕೋಶಗಳನ್ನು ತಾನೇ ಕೊಲ್ಲುವುದು ಗಿಡದ ಕ್ರಮ. ಓಜೋನ್ ಬಂದಾಗಲೂ ಹಾಗೆಯೇ ಕೊಲ್ಲುತ್ತದೆ. ಆದುದರಿಂದಲೇ ಬೀನ್ಸ್‌ನಂತಹ ಬೆಳೆಗಳಲ್ಲಿ ಬಲಿತ ಎಲೆಯ ಮೇಲ್ಭಾಗದಲ್ಲಿ ನರಗಳ ನಡುವೆ ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆಗಳು ಹರಡಿ, ನೋಡಿದವರಿಗೆ ರೋಗದಂತೆಯೇ ಕಾಣುತ್ತವೆ. ಕತ್ತರಿಸಿಟ್ಟ ಬದನೆಕಾಯಿ ಕಂದಾಗುವ ರಸಾಯನವೇ ಆ ಚುಕ್ಕೆಯ ಬಣ್ಣಕ್ಕೂ ಕಾರಣ. ಗಿಡವೇ ಮೋಸಹೋಗುವಾಗ ನಮ್ಮ ಕಣ್ಣು ಮೋಸಹೋಗುವುದು ದೊಡ್ಡದಲ್ಲ.

ಈರುಳ್ಳಿ ಬೆಳೆಯುವವರಿಗೆ ಒಂದು ಮಾತು. 1966ರಲ್ಲಿ ಅಮೆರಿಕದಲ್ಲಿ ಓಜೋನ್ ತಡೆಯುವ ಮತ್ತು ತಡೆಯದ ಈರುಳ್ಳಿ ತಳಿಗಳನ್ನು ಹೋಲಿಸಿ ನೋಡಿದರು. ತಡೆಯುವ ತಳಿಯಲ್ಲಿ ಓಜೋನ್ ತಾಗಿದೊಡನೆ ಪತ್ರರಂಧ್ರದ ಕಾವಲು ಕೋಶಗಳು ಸೋತು ಬಾಗಿಲು ಮುಚ್ಚಿಕೊಳ್ಳುತ್ತಿದ್ದವು, ಗಾಳಿ ತಿಳಿಯಾದ ಮೇಲೆ ತೆರೆಯುತ್ತಿದ್ದವು. ತಡೆಯದ ತಳಿಯಲ್ಲಿ ಬಾಗಿಲು ತೆರೆದೇ ಇದ್ದು ಎಲೆಯ ತುದಿ ಸುಡುತ್ತಿತ್ತು. ಅಂದರೆ ಕಾವಲುಗಾರ ಬೇಗ ಮೂರ್ಛೆಹೋದ ಮನೆಯೇ ಉಳಿಯಿತು! ಗೋಧಿಯಲ್ಲಿ ಇದಕ್ಕೆ ಸಂಬಂಧಿಸಿದ ಚಿಂತೆಯೊಂದಿದೆ. ಹೆಚ್ಚು ಇಳುವರಿಯ ಹೊಸ ತಳಿಗಳು ಪತ್ರರಂಧ್ರ ಚೆನ್ನಾಗಿ ತೆರೆದು ಉಸಿರಾಡುವಂಥವು, ಆದುದರಿಂದ ಓಜೋನನ್ನೂ ಹೆಚ್ಚು ಒಳಗೆಳೆಯುತ್ತವೆ. 2005ರ ಒಂದೇ ವರ್ಷದಲ್ಲಿ ಓಜೋನಿನಿಂದ ಭಾರತದಲ್ಲಿ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಭತ್ತದ ಬೆಳೆ ನಷ್ಟವಾಗಿದೆ ಎಂಬ ಅಂದಾಜು 2014ರಲ್ಲಿ ಪ್ರಕಟವಾಯಿತು. ಈ ನಷ್ಟದ ಹೆಚ್ಚಿನ ಪಾಲಿಗೆ ಹೊಲದಲ್ಲಿ ಒಂದು ಚುಕ್ಕೆಯೂ ಸಾಕ್ಷಿಯಾಗಿರುವುದಿಲ್ಲ.

ಫ್ಲೋರೈಡಿನ ನಡತೆ ಬೇರೆ. ಜೇಡಿಮಣ್ಣು ಸುಡುವಲ್ಲಿ, ಅಲ್ಯೂಮಿನಿಯಂ ಮತ್ತು ರಂಜಕದ ಗೊಬ್ಬರ ತಯಾರಿಸುವಲ್ಲಿ ಇದು ಹೊರಬರಬಹುದು. ಎಲೆಯೊಳಗೆ ಪಳಗದೆ, ನೀರಿನ ಹರಿವಿನೊಡನೆ ತುದಿಗೂ ಅಂಚಿಗೂ ಸಾಗಿ ಅಲ್ಲಿ ಶೇಖರವಾಗುತ್ತದೆ. ಅಂಚು ಸುಟ್ಟು, ಸತ್ತ ಭಾಗಕ್ಕೂ ಹಸಿರು ಭಾಗಕ್ಕೂ ನಡುವೆ ಕೆಂಗಂದು ಗೆರೆ ಎಳೆದಂತೆ ಕಾಣುತ್ತದೆ. ಪೊಟ್ಯಾಷ್ ಕೊರತೆಯಲ್ಲಿಯೂ ಅಂಚು ಸುಡುವುದರಿಂದ ಇಲ್ಲಿ ಎಚ್ಚರ ಬೇಕು. ಗ್ಲ್ಯಾಡಿಯೋಲಸ್ ಹೂವಿನ ಗಿಡ ಮತ್ತು ದ್ರಾಕ್ಷಿ ಬೇಗ ನೋಯುತ್ತವೆ. ಕೆಲವು ಹುಲ್ಲುಗಳು ತಮಗೇನೂ ಆಗದೆಯೇ ಫ್ಲೋರೈಡ್ ತುಂಬಿಕೊಂಡು ಅದನ್ನು ಮೇಯುವ ದನಗಳ ಹಲ್ಲು, ಮೂಳೆಗಳಿಗೆ ದಾಟಿಸುತ್ತವೆ. ಒಣಮೇವಿನ ಲೆಕ್ಕದಲ್ಲಿ ವರ್ಷದ ಸರಾಸರಿ ಹತ್ತು ಲಕ್ಷಕ್ಕೆ 40 ಭಾಗ ಮೀರಬಾರದೆಂದು ಅಮೆರಿಕದ ಕೆಲವು ರಾಜ್ಯಗಳು ಮಿತಿ ಹಾಕಿವೆ.

ಬಾಳೆಗೊನೆಗೆ ಹೊಗೆ ಹಾಕಿ ಮಾಗಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೊಗೆಯಲ್ಲಿರುವ ಎಥಿಲೀನ್ ಆ ಕೆಲಸ ಮಾಡುತ್ತದೆ. ಅದೇ ಎಥಿಲೀನ್ 1950ರ ದಶಕದಲ್ಲಿ ಟೆಕ್ಸಾಸ್‌ನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಿಂದ ಸೋರಿ ಸುತ್ತಲಿನ ಹತ್ತಿಯ ಮೊಗ್ಗುಗಳನ್ನು ಉದುರಿಸಿತು. ಉತ್ತರ ಭಾರತದ ಮಾವಿನ ತೋಪುಗಳಲ್ಲಿ ಇಟ್ಟಿಗೆಗೂಡಿನ ಹೊಗೆಯಿಂದ ಕಾಯಿಯ ತುದಿ ಕಪ್ಪಾಗುವ ತೊಂದರೆ ನೂರು ವರ್ಷಗಳಿಗೂ ಹಳೆಯದು. ದಸೇರಿ ತಳಿಗೆ ಹೆಚ್ಚು. ಲೀಟರ್ ನೀರಿಗೆ 6 ಗ್ರಾಂ ಬೋರಾಕ್ಸ್ ಬೆರೆಸಿ, ಕಾಯಿ ಕಚ್ಚಿದಂದಿನಿಂದ ಎರಡು ವಾರಕ್ಕೊಮ್ಮೆ ಎರಡು ಮೂರು ಬಾರಿ ಸಿಂಪಡಿಸುವುದು ಅಲ್ಲಿನ ಶಿಫಾರಸು. ಮಾವಿಗೂ ಹೆಂಚು ಇಟ್ಟಿಗೆಗೂ ಹೆಸರಾದ ಕೋಲಾರದಂತಹ ಜಿಲ್ಲೆಯ ತೋಟಗಾರರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಲಬುರಗಿ ಕಡೆಯ ಓದುಗರು ಸಿಮೆಂಟ್ ದೂಳಿನ ಬಗ್ಗೆ ಕೇಳಬಹುದು. ದೂಳು ಮೊದಲು ಬೆಳಕಿಗೆ ಅಡ್ಡ ಬರುತ್ತದೆ. ಇಬ್ಬನಿ ಬಿದ್ದರೆ ಹೆಪ್ಪುಗಟ್ಟಿ ಎಲೆಯ ಮೇಲೆ ಸುಣ್ಣದಂತಹ ಪದರವಾಗುತ್ತದೆ. ಆ ಕ್ಷಾರ ಎಲೆಯ ಮೇಣವನ್ನೂ ಕೆಡಿಸುತ್ತದೆ. ಕಟ್ಟಿದ ಪದರವನ್ನು ತೊಳೆಯುವುದು ಕಷ್ಟ. ಕಟ್ಟುವ ಮೊದಲೇ ನೀರು ಸಿಂಪಡಿಸಿ ತೊಳೆಯಬೇಕು.

ಯಾವ ಗಿಡ ಎಷ್ಟು ತಡೆಯುತ್ತದೆ ಎಂದು ಅಳೆಯಲು 1983ರಲ್ಲಿ ಬನಾರಸ್‌ನ ಸಿಂಗ್ ಮತ್ತು ರಾವ್ ಒಂದು ಸೂಚ್ಯಂಕ ರೂಪಿಸಿದರು. ಎಲೆಯ ಪತ್ರಹರಿತ್ತಿಗೆ ಎಲೆರಸದ ರಸಸಾರವನ್ನು ಕೂಡಿ, ಜೀವಸತ್ವ 'ಸಿ'ಯಿಂದ ಗುಣಿಸಿ, ಎಲೆಯ ಸಾಪೇಕ್ಷ ನೀರಿನಂಶವನ್ನು ಸೇರಿಸಿ, 10ರಿಂದ ಭಾಗಿಸುವುದು. ರಸ್ತೆ ಬದಿಗೆ, ಕಾರ್ಖಾನೆಯ ಸುತ್ತ ಮರ ಆರಿಸಲು ಇದು ಉಪಯುಕ್ತ. ಆದರೆ ಈ ಅಂಕಿ ಹೆಚ್ಚಿರುವ ಬೆಳೆ ಹೊಗೆಯಲ್ಲಿ ಹೆಚ್ಚು ಇಳುವರಿ ಕೊಡುತ್ತದೆಂದು ತಿಳಿಯುವುದು ತಪ್ಪು. ಅದು ಎಲೆಯ ಲೆಕ್ಕ, ಚೀಲದ ಲೆಕ್ಕವಲ್ಲ. ಓಜೋನ್ ತಡೆಯಲು ಪ್ರಯೋಗಗಳಲ್ಲಿ ಬಳಸುವ ಎಥಿಲೀನ್ ಡೈಯೂರಿಯಾ ಎಂಬ ರಾಸಾಯನಿಕವೂ ಅಷ್ಟೇ. ಅದು ಸಂಶೋಧನೆಯ ಸಾಧನ. ಅದನ್ನು ಔಷಧಿಯೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಹೊಗೆಯೆಂಬ ಅನುಮಾನ ಬಂದಾಗ ಮೊದಲು ಮಾಡಬೇಕಾದುದು ಬದುವಿನ ಮೇಲೆ ನಡೆಯುವುದು. ಒಂದಕ್ಕೊಂದು ಸಂಬಂಧವಿಲ್ಲದ ಗಿಡಗಳಿಗೆ, ಕಳೆಗೂ ಸೇರಿ, ಒಂದೇ ಸಲ ಗುರುತು ಬಂದಿದೆಯೇ ನೋಡಿ. ರೋಗಾಣುಗಳು ಸಾಮಾನ್ಯವಾಗಿ ತಮ್ಮ ತಮ್ಮ ಬೆಳೆಗೇ ಅಂಟಿಕೊಳ್ಳುತ್ತವೆ. ಹಾನಿಯ ಆಕಾರವನ್ನು ಗಾಳಿಯ ದಿಕ್ಕಿನೊಡನೆ ಹೋಲಿಸಿ. ನಾಲ್ಕೈದು ಎಲೆಗಳಿಗೆ ದಾರ ಕಟ್ಟಿ ಒಂದು ವಾರ ಬಿಟ್ಟು ನೋಡಿ. ಚುಕ್ಕೆ ಬೆಳೆಯದಿದ್ದರೆ, ಹೊಸ ಎಲೆಗೆ ಹತ್ತದಿದ್ದರೆ ಶಿಲೀಂಧ್ರನಾಶಕದ ಅಂಗಡಿಗೆ ಹೋಗಬೇಡಿ. ಗೂಡಿಗೆ ಬೆಂಕಿಯಿಡುವ ದಿನ ಮೊದಲೇ ಗೊತ್ತಾದರೆ ಒಂದೆರಡು ದಿನ ನೀರು ಹಾಯಿಸುವುದನ್ನು ಮುಂದೂಡುವುದು ಲಾಭ. ತೇವ ಹೆಚ್ಚಿದ್ದು ಪತ್ರರಂಧ್ರ ಪೂರ್ತಿ ತೆರೆದಿರುವಾಗಲೇ ಹಾನಿ ಹೆಚ್ಚು. ಹೂ ಕಾಯಿಯ ಹಂತದಲ್ಲಿ ಇದಕ್ಕಿಂತ ಹೆಚ್ಚು ಒಣಗಿಸಬಾರದು. ಪ್ರತಿ ವರ್ಷ ಗೂಡು ಸುಡುವ ಕಡೆ ಕುದುರೆಮೆಂತ್ಯ, ಸೌತೆ, ಪಾಲಕ್ ಬದಲಿಗೆ ಮುಸುಕಿನ ಜೋಳ ಹಾಕಿ.

ಪರಿಹಾರ ಕೇಳುವುದಾದರೆ ತಡಮಾಡಬಾರದು. ಹಾನಿಯಾದ ಕಡೆಯಿಂದಲೂ, ಗಾಳಿಗೆ ಎದುರಾಗಿ ಹೊಗೆ ತಾಗದ ಕಡೆಯಿಂದಲೂ ಒಂದೇ ಬೆಳೆಯ, ಒಂದೇ ವಯಸ್ಸಿನ ಎಲೆಗಳನ್ನು ಬೇರೆ ಬೇರೆ ಕಾಗದದ ಚೀಲಗಳಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲ ಬೇಡ, ಎಲೆ ಬೆವೆತು ಕೊಳೆಯುತ್ತದೆ. ಎರಡರಲ್ಲಿಯೂ ಗಂಧಕ, ಫ್ಲೋರೈಡ್ ಎಷ್ಟೆಷ್ಟಿದೆ ಎಂಬ ಹೋಲಿಕೆಯೇ ನಿಮ್ಮ ಸಾಕ್ಷಿ. ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಿಡಿ, ಫೋಟೋ ತೆಗೆದಿಡಿ. 1981ರ ವಾಯುಮಾಲಿನ್ಯ ನಿಯಂತ್ರಣ ಕಾಯಿದೆಯಲ್ಲಿ ಗಿಡಗಳಿಗೆ ಆಗುವ ಹಾನಿಯೂ ಮಾಲಿನ್ಯದ ವ್ಯಾಖ್ಯೆಯೊಳಗೇ ಬರುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು.

ಆ ಸೌತೆಯ ರೈತರಿಗೆ ಇದಾವುದೂ ಆಗಲಿಲ್ಲ. ನಾನು ಹೊಲಕ್ಕೆ ಹೋದಾಗ ಸುಟ್ಟ ಎಲೆಗಳು ಉದುರಿ, ಹೊಸ ಕುಡಿ ಬಂದು, ಕಾಯಿ ಅರ್ಧದಷ್ಟಾಗಿತ್ತು. ತೋರಿಸಲು ಅವರ ಬಳಿ ಉಳಿದದ್ದು ಔಷಧಿ ಅಂಗಡಿಯ ರಸೀದಿ ಮಾತ್ರ. ಮುಂದಿನ ವರ್ಷ ಅವರು ಗೂಡಿನವರೊಡನೆ ಮಾತಾಡಿ, ಬೆಂಕಿಯಿಡುವ ವಾರವನ್ನು ಸೌತೆಯ ಕೊಯ್ಲು ಮುಗಿಯುವವರೆಗೆ ಮುಂದಕ್ಕೆ ಹಾಕಿಸಿಕೊಂಡರು. ಅದರ ಜೊತೆಗೆ ಪಶ್ಚಿಮದ ಮೂಲೆಯಲ್ಲಿ ಎರಡು ಮಡಿ ಕುದುರೆಮೆಂತ್ಯವನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ದಿನವೂ ಬೆಳಿಗ್ಗೆ ಮೊದಲು ಅದನ್ನು ನೋಡಿ ಆಮೇಲೆ ಸೌತೆಯ ಸಾಲಿಗೆ ಹೋಗುತ್ತಾರಂತೆ.